ಹೊಗೆ ಬಿಡುವ ಬಂಬಕ್ಕೆ ಹೊಸ ಒಲೆ

ಧಾರವಾಡದಿಂದ ಅವ್ವ ಪುಣೆಗೆ ಬರುವಾಗ ಸಾಮಾನಿನ ಜೊತೆ ಅಜ್ಜಿಯ ತಾಮ್ರದ ಬಂಬವನ್ನೂ ಲಾರಿಗೆ ಹಾಕಿಸಿದ್ದಳು. ನಾವಿರುವುದು ಧಾಯರಿಯಲ್ಲಿ. ಕೆಳಗಿನ ಮನೆ, ಹಿಂದೆ ಸಣ್ಣ ಹಿತ್ತಿಲು. ಹಿತ್ತಿಲಲ್ಲಿ ತೆಂಗಿನ ಕರಟ, ಕಡಿದು ಹಾಕಿದ ಮಾವಿನ ಕೊಂಬೆ ಯಾವಾಗಲೂ ಬಿದ್ದಿರುತ್ತವೆ. ಇಷ್ಟೆಲ್ಲ ಕಟ್ಟಿಗೆ ಇಟ್ಟುಕೊಂಡು ನೀರು ಕಾಯಿಸಲು ಕರೆಂಟು ಯಾಕೆ ಅನ್ನುವುದು ಅವ್ವನ ಪ್ರಶ್ನೆ. ನನಗೂ ಸರಿ ಅನಿಸಿತು.

ಬಂಬ ನೋಡದವರಿಗೆ ಒಂದು ಮಾತು. ನಿಲ್ಲಿಸಿದ ತಾಮ್ರದ ಡ್ರಮ್ಮು, ಅದರ ನಟ್ಟನಡುವೆ ತಳದಿಂದ ತಲೆಯವರೆಗೆ ಒಂದು ಕೊಳವೆ. ಕೊಳವೆಯ ಸುತ್ತ ನೀರು. ಕೊಳವೆಯ ತಳದಲ್ಲಿ ಜಾಳಿ, ಜಾಳಿಯ ಮೇಲೆ ಬೆಂಕಿ. ಕಟ್ಟಿಗೆಯನ್ನು ಮೇಲಿನ ಬಾಯಿಂದಲೇ ಒಳಗೆ ಬಿಡುವುದು. ಪಕ್ಕದಲ್ಲಿ ಹಿತ್ತಾಳೆಯ ನಲ್ಲಿ. ನಮ್ಮದು 40 ಲೀಟರಿನದು.

ಎರಡು ತೊಂದರೆ ಇದ್ದವು. ತಳದ ಬೆಸುಗೆಯಲ್ಲಿ ನೀರು ಜಿನುಗುತ್ತಿತ್ತು. ಅದಕ್ಕಿಂತ ದೊಡ್ಡದು ಹೊಗೆ. ಮೊದಲ ದಿನ ಹಚ್ಚಿದಾಗ ಹಿತ್ತಿಲು ಕಾಣದಷ್ಟು ಹೊಗೆ ಎದ್ದಿತು. ಮೇಲಿನ ಮನೆಯ ಆಜಿಗೆ ಮೊದಲೇ ದಮ್ಮು. ಅವರು ಕಿಟಕಿ ಮುಚ್ಚಿಕೊಂಡು ಕೆಮ್ಮುವುದು ಕೆಳಗೆ ಕೇಳಿಸುತ್ತಿತ್ತು. ಅವ್ವ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತ, "ತಮ್ಮಾ, ಆಜೀಗೆ ತ್ರಾಸ ಆಗಾಕತ್ತೈತಿ. ಇದನ್ನ ಸರಿ ಮಾಡು, ಇಲ್ಲಾಂದ್ರ ಮೂಲ್ಯಾಗ ಇಟ್ಟುಬಿಡು" ಅಂದಳು. ಅಜ್ಜಿಯ ಬಂಬವನ್ನು ಮೂಲೆಗೆ ಇಡಲು ನನಗೆ ಮನಸ್ಸಿರಲಿಲ್ಲ.

ಜಿನುಗುವುದರ ಕೆಲಸ ಬೇಗ ಮುಗಿಯಿತು. ಪುಣೆಯ ಕಸಬಾ ಪೇಠೆಯಲ್ಲಿ ತಾಂಬಟ ಆಳಿ ಅಂತ ಒಂದು ಓಣಿ ಇದೆ. ಪೇಶ್ವೆಗಳ ಕಾಲದಿಂದ ತಾಮ್ರದ ಕೆಲಸದವರ ಓಣಿ. ಒಳಗೆ ಕಾಲಿಡುವ ಮೊದಲೇ ಸುತ್ತಿಗೆಯ ಸದ್ದು ಕಿವಿಗೆ ಬೀಳುತ್ತದೆ. ಅಲ್ಲಿನ ಒಬ್ಬ ಹಿರಿಯ ತಾಂಬಟರು ಬಂಬವನ್ನು ಬೋರಲು ಹಾಕಿ, ಬೆರಳಿನಿಂದ ಸವರಿ, ತೂತು ಎಲ್ಲಿದೆ ಅಂತ ನೀರು ಹಾಕದೆಯೇ ತೋರಿಸಿದರು. ಹಳೆಯ ಬೆಸುಗೆ ಕೆರೆದು, ಬಿಳಿಗಾರ ಹಚ್ಚಿ, ಹಿತ್ತಾಳೆಯ ಬೆಸುಗೆ ಹರಿಸಿದರು. ಆಮೇಲೆ ಒಳಗೆ ಕಲಾಯಿ. ಹೊರಡುವಾಗ ಒಂದು ಎಚ್ಚರಿಕೆಯನ್ನೂ ಕೊಟ್ಟರು: ನೀರು ತುಂಬದೆ ಯಾವತ್ತೂ ಬೆಂಕಿ ಹಚ್ಚಬೇಡಿ. ಕಲಾಯಿ ಅಂದರೆ ತವರ, ಅದು 232 ಡಿಗ್ರಿಗೇ ಕರಗುತ್ತದೆ.

ಬೆಸುಗೆ ನಡೆಯುವಾಗ ನನ್ನ ಕಣ್ಣು ಅವರ ಭಟ್ಟಿಯ ಮೇಲೆಯೇ ಇತ್ತು. ಅಷ್ಟು ಚಿಕ್ಕ ಜಾಗ, ಅಷ್ಟು ಜೋರು ಬೆಂಕಿ, ಹೊಗೆ ಮಾತ್ರ ಇಲ್ಲ. ಉರಿಸುತ್ತಿದ್ದದ್ದು ಕೋಕ್, ಅಂದರೆ ಕಲ್ಲಿದ್ದಲಿನಿಂದ ಮಾಡಿದ ಇಂಧನ. ಹಚ್ಚುವಾಗ ಮೊದಲು ನಾಲ್ಕು ಕಟ್ಟಿಗೆ ಚಕ್ಕೆ ಉರಿಸಿ, ಅದರ ಮೇಲೆ ಕೋಕ್ ಸುರಿದು, ಬ್ಲೋವರ್ ತಿರುಗಿಸಿದ್ದರು. ಬ್ಲೋವರ್ ನಿಲ್ಲಿಸಿದರೆ ನೋಡನೋಡುತ್ತ ಕೆಂಪು ಮಂಕಾಗುತ್ತಿತ್ತು. ಹೊಗೆ ಯಾಕಿಲ್ಲ ಅಂತ ಕೇಳಿದೆ. "ಇದರ ಗ್ಯಾಸನ್ನು ಕಾರ್ಖಾನೆಯಲ್ಲೇ ತೆಗೆದಿರುತ್ತಾರಲ್ಲ" ಅಂದರು. ಈ ಒಂದು ಮಾತು ಹಿಡಿದುಕೊಂಡೇ ಮುಂದಿನ ಮೂರು ವಾರದ ಕೆಲಸ ನಡೆಯಿತು.

ಅವರು ಹೇಳಿದ ಗ್ಯಾಸಿಗೆ ಇಂಧನದ ಲ್ಯಾಬುಗಳಲ್ಲಿ ವೊಲಟೈಲ್ ಮ್ಯಾಟರ್ ಅನ್ನುತ್ತಾರೆ. ನಾನು ಇಲ್ಲಿ ಹಾರುವ ಅಂಶ ಅಂತ ಬರೆಯುತ್ತೇನೆ. ಗಾಳಿ ತಾಗದಂತೆ ಮುಚ್ಚಿಟ್ಟು ಕಾಯಿಸಿದಾಗ ಇಂಧನದಿಂದ ಗ್ಯಾಸು, ಟಾರಿನ ಆವಿ ಆಗಿ ಹಾರಿಹೋಗುವ ಪಾಲು ಅದು. ತೇವವನ್ನು ಅದರಲ್ಲಿ ಲೆಕ್ಕ ಹಿಡಿಯುವುದಿಲ್ಲ. ಹಾರಿದ ಮೇಲೆ ಉಳಿಯುವುದು ಇಂಗಾಲ ಮತ್ತು ಬೂದಿ. ಒಣ ಕಟ್ಟಿಗೆಯಲ್ಲಿ ಹಾರುವ ಅಂಶ ಸುಮಾರು ಮುಕ್ಕಾಲು ಪಾಲು, ಕೆಲವು ಸಲ ಇನ್ನೂ ಜಾಸ್ತಿ. ಕಲ್ಲಿದ್ದಲಿನಲ್ಲಿ ಜಾತಿಯ ಮೇಲೆ ಹೋಗುತ್ತದೆ: ಆಂಥ್ರಸೈಟಿನಲ್ಲಿ ನೂರಕ್ಕೆ ಹತ್ತರ ಒಳಗೆ, ಬಿಟುಮಿನಸ್ ಕಲ್ಲಿದ್ದಲಿನಲ್ಲಿ 20ರಿಂದ 40. ಕೋಕ್‌ನಲ್ಲಿ ಒಂದೆರಡು ಅಷ್ಟೇ. ಅದಕ್ಕೇ ಕೋಕ್ ಹಚ್ಚಲು ಅಷ್ಟು ಕಷ್ಟ. ಕಡ್ಡಿ ಗೀರಿದ ಕೂಡಲೇ ಹೊತ್ತಿಕೊಳ್ಳುವುದಕ್ಕೆ ಅದರಲ್ಲಿ ಗ್ಯಾಸೇ ಇಲ್ಲ.

ಓದಿದ್ದನ್ನು ಕಣ್ಣಾರೆ ನೋಡಬೇಕು ಅನಿಸಿತು. ಭಾನುವಾರ ಹಿತ್ತಿಲಲ್ಲಿ ಒಂದು ಪರೀಕ್ಷೆ ಮಾಡಿದೆ.

ಹಳೆಯ ಸ್ಟೀಲ್ ಡಬ್ಬಿ, ಒತ್ತಿ ಮುಚ್ಚುವ ಮುಚ್ಚಳ. ಮುಚ್ಚಳದ ನಡುವೆ ಮೊಳೆ ಹೊಡೆದು ಮೂರು ಮಿಲಿಮೀಟರಿನ ತೂತು ಮಾಡಿದೆ. ಈ ತೂತು ಇರಲೇಬೇಕು. ತೂತಿಲ್ಲದ ಡಬ್ಬಿಯನ್ನು ಬೆಂಕಿಗೆ ಇಟ್ಟರೆ ಒಳಗಿನ ಗ್ಯಾಸಿಗೆ ದಾರಿ ಇಲ್ಲದೆ ಸಿಡಿಯುತ್ತದೆ. ಕರಟವನ್ನು ಚೂರು ಮಾಡಿ, ಅಡುಗೆಮನೆಯ ಓವನ್ನಿನಲ್ಲಿ 105 ಡಿಗ್ರಿಯಲ್ಲಿ ಎರಡು ತಾಸು ಒಣಗಿಸಿ, 50 ಗ್ರಾಂ ತೂಗಿ ತುಂಬಿದೆ. ಶೇಗಡಿಯಲ್ಲಿ ಇದ್ದಿಲು ನಿಗಿನಿಗಿ ಆಗುವವರೆಗೆ ಊದಿ, ಡಬ್ಬಿಯನ್ನು ಕೆಂಡದ ನಡುವೆ ಹೂತಿಟ್ಟೆ.

ಮೊದಲು ತೂತಿನಿಂದ ತೆಳ್ಳಗೆ ಬಿಳಿ ಆವಿ ಬಂತು. ತಣ್ಣನೆಯ ತಾಟು ಹಿಡಿದೆ, ನೀರಿನ ಹನಿ ಕೂತವು. ಎರಡು ಮೂರು ನಿಮಿಷಕ್ಕೆ ಬಣ್ಣ ತಿರುಗಿತು. ದಪ್ಪ, ಹಳದಿ ಮಿಶ್ರಿತ ಹೊಗೆ, ಮೂಗಿಗೆ ಚುಚ್ಚುವ ಘಾಟು. ಈಗ ತಾಟು ಹಿಡಿದರೆ ಕಂದು ಬಣ್ಣದ ಅಂಟು. ಬಂಬದ ಕೊಳವೆಯೊಳಗೆ ಮೆತ್ತಿಕೊಂಡಿದ್ದ ಅದೇ ಅಂಟು! ಕಡ್ಡಿ ಗೀರಿ ಆ ಹೊಗೆಗೆ ಹಿಡಿದೆ. ಭುಸ್ ಅಂತ ಹೊತ್ತಿಕೊಂಡಿತು. ತೂತಿನ ಮೇಲೆ ನಾಲ್ಕು ಇಂಚಿನ ಹಳದಿ ಉರಿ ನೆಟ್ಟಗೆ ನಿಂತಿತು, ಗ್ಯಾಸ್ ಒಲೆಯ ಒಂದು ಕಣ್ಣಿನ ಹಾಗೆ. ಹೊತ್ತಿದ ಮೇಲೆ ಹೊಗೆಯೂ ಇಲ್ಲ, ಘಾಟೂ ಇಲ್ಲ. ಅವ್ವ ಕೆಲಸ ಬಿಟ್ಟು ಬಂದು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತಳು. ಒಂಬತ್ತು ನಿಮಿಷ ಉರಿಯಿತು. ಕೊನೆಗೆ ಕುಗ್ಗಿ, ನೀಲಿಯಾಗಿ, ಆರಿತು.

ಡಬ್ಬಿಯನ್ನು ಹಾಗೇ ಮುಚ್ಚಿಟ್ಟು ಪೂರ್ತಿ ತಣ್ಣಗಾಗಲು ಬಿಟ್ಟೆ. ಬಿಸಿ ಇರುವಾಗ ತೆಗೆದರೆ ಗಾಳಿ ಸೋಕಿ ಒಳಗಿನದು ಉರಿದುಹೋಗುತ್ತದೆ, ತೂಕ ತಪ್ಪುತ್ತದೆ. ತೆಗೆದಾಗ ಚೂರುಗಳ ಆಕಾರ ಹಾಗೇ ಇತ್ತು. ಬಣ್ಣ ಮಾತ್ರ ಕಪ್ಪು, ಒಂದಕ್ಕೊಂದು ತಾಗಿಸಿದರೆ ಬಳೆಯ ಹಾಗೆ ಕಿಣಿಕಿಣಿ. ತೂಕ 14 ಗ್ರಾಂ. ಅಂದರೆ 50ರಲ್ಲಿ 36 ಗ್ರಾಂ ಆ ತೂತಿನಿಂದ ಹೊರಗೆ ಹೋಗಿತ್ತು. ಅಂಗಡಿಯ ಇದ್ದಿಲನ್ನೂ ಹೀಗೇ ಕಾಯಿಸಿದೆ. ಉರಿ ಮಿಣಮಿಣ ಅಂದು ಎರಡು ನಿಮಿಷದಲ್ಲಿ ಆರಿತು, 50ರಲ್ಲಿ 42 ಗ್ರಾಂ ಉಳಿಯಿತು. ಲ್ಯಾಬಿನಲ್ಲಿ ಮಾಡುವ ಕ್ರಮ ಇನ್ನೂ ಬಿಗಿ. ಕಲ್ಲಿದ್ದಲಿಗೆ ಭಾರತೀಯ ಮಾನಕ ಐಎಸ್ 1350ರಲ್ಲಿ ಹೇಳಿರುವುದು 900 ಡಿಗ್ರಿ, 7 ನಿಮಿಷ. ನನ್ನ ಶೇಗಡಿ ಅಷ್ಟು ಕಾಯುವುದಿಲ್ಲ. ಆದರೂ ದಾರಿ ತೋರಿಸಲು ಇಷ್ಟು ಸಾಕಾಯಿತು.

ಲೆಕ್ಕ ಹಾಕಿ ನೋಡಿ. ಒಂದು ಕಿಲೋ ಒಣ ಕಟ್ಟಿಗೆಯಲ್ಲಿ ಸುಮಾರು 18 ಮೆಗಾಜೂಲ್ ಶಾಖ ಇದೆ. ಅದರಿಂದ ಉಳಿಯುವ ಇದ್ದಿಲು 200 ಗ್ರಾಂ ಅಂತ ಹಿಡಿದರೆ, ಆ ಇದ್ದಿಲಿನಲ್ಲಿ ಇರುವುದು ಸುಮಾರು 6. ಮಿಕ್ಕ 12 ಹಾರುವ ಅಂಶದಲ್ಲಿ! ಕಟ್ಟಿಗೆಯ ಶಾಖದಲ್ಲಿ ಮೂರರಲ್ಲಿ ಎರಡು ಪಾಲು ಗ್ಯಾಸಾಗಿ ಮೇಲೆ ಹೋಗುತ್ತದೆ. ಅದು ಉರಿದರೆ ಉರಿ, ಉರಿಯದಿದ್ದರೆ ಹೊಗೆ. ಆಜಿಯ ಕಿಟಕಿಗೆ ಹೋಗುತ್ತಿದ್ದದ್ದು ನಾವು ಕಡಿದು ಒಣಗಿಸಿದ ಕಟ್ಟಿಗೆಯೇ, ಉರಿಯದೆ ಹೋದದ್ದು.

ಇದೇನೂ ಹೊಸ ವಿಷಯ ಅಲ್ಲ. 1792ರಲ್ಲಿ ವಿಲಿಯಂ ಮರ್ಡಾಕ್ ಇಂಗ್ಲೆಂಡಿನ ರೆಡ್ರುತ್ ಊರಿನಲ್ಲಿ ಕಲ್ಲಿದ್ದಲನ್ನು ಮುಚ್ಚಿದ ಪಾತ್ರೆಯಲ್ಲಿ ಕಾಯಿಸಿ, ಬಂದ ಗ್ಯಾಸನ್ನು ಕೊಳವೆಯಲ್ಲಿ ಹರಿಸಿ ತನ್ನ ಮನೆಗೆ ದೀಪ ಹಚ್ಚಿದ. 1860ರ ದಶಕದಿಂದ ಮುಂಬೈನ ಬೀದಿದೀಪಗಳು ಉರಿದದ್ದೂ ಹೀಗೆ ಕಲ್ಲಿದ್ದಲಿನಿಂದ ತೆಗೆದ ಗ್ಯಾಸಿನಲ್ಲೇ. ನನ್ನ ಡಬ್ಬಿಯ ತೂತಿನ ಮೇಲೆ ನಿಂತದ್ದು ಅದೇ ದೀಪ.

ಹಾಗಾದರೆ ಬಂಬದಲ್ಲಿ ಈ ಗ್ಯಾಸು ಯಾಕೆ ಉರಿಯುತ್ತಿರಲಿಲ್ಲ? ಉರಿಯಲು ಅದಕ್ಕೆ ಗಾಳಿ ಬೇಕು, ಗಾಳಿಯ ಜೊತೆ ಚೆನ್ನಾಗಿ ಕಲೆಯಬೇಕು, ಸಾಕಷ್ಟು ಬಿಸಿ ಇರಬೇಕು, ಉರಿದು ಮುಗಿಸಲು ಸ್ವಲ್ಪ ಹೊತ್ತೂ ಜಾಗವೂ ಸಿಗಬೇಕು. ಬಂಬದ ಕೊಳವೆಯ ಆಚೆ ಬದಿಗೆ ನೀರಿದೆ. ನೀರು ಕುದಿದರೂ ತಾಮ್ರ ನೂರು ಡಿಗ್ರಿಯ ಆಸುಪಾಸಿನಲ್ಲೇ ಇರುತ್ತದೆ. ಬೆಂಕಿಯ ಪಾಲಿಗೆ ಅದು ಹಿಮದ ಗೋಡೆ. ಉರಿಯ ನಾಲಿಗೆ ಅದಕ್ಕೆ ತಾಗಿದ ಕೂಡಲೇ ಆರುತ್ತದೆ, ಗ್ಯಾಸು ಮಸಿ, ಟಾರು ಆಗಿ ಗೋಡೆಗೆ ಕೂರುತ್ತದೆ. ಬುಧವಾರ ಪೇಠೆಯ ಎಲೆಕ್ಟ್ರಾನಿಕ್ಸ್ ಅಂಗಡಿಯಿಂದ ಒಂದು ಕೆ ಟೈಪ್ ಥರ್ಮೋಕಪಲ್ (ಜೋರು ಬಿಸಿ ಅಳೆಯುವ ತಂತಿ) ತಂದು ಕೊಳವೆಯೊಳಗೆ ಇಳಿಬಿಟ್ಟೆ. ಬೆಂಕಿಗಿಂತ ಒಂದಡಿ ಮೇಲೆ 290 ಡಿಗ್ರಿ. ಕಟ್ಟಿಗೆ ಗ್ಯಾಸು ಬಿಡಲು ಇಷ್ಟು ಸಾಕು, ಆ ಗ್ಯಾಸು ಪೂರ್ತಿ ಉರಿಯಲು ಸಾಲದು. ಅದಕ್ಕೆ 600 ಡಿಗ್ರಿಗಿಂತ ಮೇಲೆ ಇದ್ದರೆ ಒಳ್ಳೆಯದು. ಮೇಲಾಗಿ ನಾವು ತಣ್ಣನೆಯ ಕಟ್ಟಿಗೆಯನ್ನು ಮೇಲಿಂದ ನೇರ ಕೆಂಡದ ಮೇಲೆ ಬಿಡುತ್ತಿದ್ದೆವು. ಒಮ್ಮೆಗೇ ಗ್ಯಾಸು ಏಳುತ್ತಿತ್ತು, ಗಾಳಿ ಸಾಲುತ್ತಿರಲಿಲ್ಲ.

ಮೊದಲ ಪ್ರಯತ್ನ ತಪ್ಪಿತು. ಬಂಬದ ಕೆಳಗಿನ ತಗಡಿನ ಪೀಠಕ್ಕೆ ಜಾಳಿಗಿಂತ ಮೇಲೆ ಸುತ್ತಲೂ ತೂತು ಕೊರೆದೆ, ಗಾಳಿ ಸಿಕ್ಕರೆ ಸಾಕು ಅಂದುಕೊಂಡು. ಹೊಗೆ ಕಡಿಮೆ ಆಗಲಿಲ್ಲ, ಜಾಸ್ತಿ ಆಯಿತು. ತಣ್ಣನೆಯ ಗಾಳಿ ಒಳಗೆ ನುಗ್ಗಿ ಇದ್ದ ಉರಿಯನ್ನೂ ತಣಿಸುತ್ತಿತ್ತು. ಗಾಳಿ ಬೇಕು ನಿಜ, ಬಿಸಿ ಮಾಡಿ ಕೊಡಬೇಕು. ಗ್ಯಾಸು ಉರಿಯುವ ಜಾಗವೂ ಬಿಸಿ ಇರಬೇಕು. ಅಂದರೆ ಉರಿ ಪೂರ್ತಿ ಮುಗಿದ ಮೇಲೆಯೇ ತಾಮ್ರಕ್ಕೆ ತಾಗಬೇಕು. ಬಂಬದ ಒಳಗೆ ಇದು ಸಾಧ್ಯವಿಲ್ಲ. ಬೆಂಕಿಯನ್ನೇ ಕೆಳಗೆ ಇಳಿಸಬೇಕು.

ಆಮೇಲೆ ಕಟ್ಟಿದ ಒಲೆ ಹೀಗಿದೆ. ಕತ್ತರಿಸಲು ಬರುವ ಹಗುರ ಫೈರ್ ಬ್ರಿಕ್ (ಬೆಂಕಿ ತಾಳುವ ಇಟ್ಟಿಗೆ) ಆರು, ಒಂಬತ್ತು ಇಂಚು ಎತ್ತರಕ್ಕೆ ಷಟ್ಕೋನವಾಗಿ ನಿಲ್ಲಿಸಿದೆ. ಇಟ್ಟಿಗೆಯ ಅಗಲ ನಾಲ್ಕೂವರೆ ಇಂಚು, ಹಾಗಾಗಿ ಒಳಗೆ ಎದುರುಬದುರು ಗೋಡೆಗಳ ನಡುವೆ ಏಳೂಮುಕ್ಕಾಲು ಇಂಚು ಜಾಗ ಸಿಗುತ್ತದೆ. ಅದರೊಳಗೆ ಏಳು ಇಂಚು ಅಗಲದ, ತಳ ತೆಗೆದ ಸ್ಟೀಲ್ ಡಬ್ಬ. ಅಕ್ಕಿ ಹಾಕಿಡುತ್ತಿದ್ದದ್ದು, ರವಿವಾರ ಪೇಠೆಯ ಬೋಹ್ರಿ ಆಳಿಯಲ್ಲಿ ಸಿಕ್ಕಿತು. ಡಬ್ಬಕ್ಕೂ ಇಟ್ಟಿಗೆಗೂ ನಡುವೆ ಸುತ್ತಲೂ ಬೆರಳು ತೂರುವಷ್ಟೂ ಇಲ್ಲದ ಸಂದು ಉಳಿಯಿತು. ಈ ಸಂದೇ ಇಡೀ ಒಲೆಯ ಜೀವ. ಕೆಳಗಿನಿಂದ ಗಾಳಿ ಈ ಸಂದಿನಲ್ಲಿ ಹತ್ತುತ್ತ, ಕಾದ ಡಬ್ಬದ ಮೈಗೆ ಉಜ್ಜಿಕೊಂಡು ಬಿಸಿಯಾಗುತ್ತದೆ. ಡಬ್ಬದ ಬಾಯಿಗಿಂತ ಒಂದಿಂಚು ಕೆಳಗೆ ಸುತ್ತಲೂ 8 ಮಿಲಿಮೀಟರಿನ 16 ತೂತು ಕೊರೆದಿದ್ದೇನೆ. ಸಂದಿನ ತಲೆಯನ್ನು ಫೈರ್ ಕ್ಲೇಯಿಂದ ಮುಚ್ಚಿದ್ದರಿಂದ ಗಾಳಿಗೆ ಆ ತೂತುಗಳೇ ದಾರಿ.

ಜಾಳಿ ಬೀಡು ಕಬ್ಬಿಣದ್ದು. ಬುಧವಾರ, ಭಾನುವಾರ ಸೇರುವ ಜೂನಾ ಬಜಾರಿನಲ್ಲಿ ಗುಜರಿ ಬೆಲೆಗೆ ಸಿಕ್ಕಿತು. ಜಾಳಿಯ ಕೆಳಗೆ ಬೂದಿಯ ಬಾಗಿಲು, ಅದಕ್ಕೆ ಹಿಂದೆ ಮುಂದೆ ಸರಿಯುವ ತಗಡಿನ ಹಲಗೆ. ಒಂದು ಇಟ್ಟಿಗೆಯನ್ನು ಕತ್ತರಿಸಿ ಕಟ್ಟಿಗೆ ಹಾಕುವ ಬಾಯಿ ಮಾಡಿದೆ. ಇಟ್ಟಿಗೆ ಕೊಯ್ಯುವಾಗ ಮೂಗಿಗೆ ಮಾಸ್ಕ್ ಬೇಕೇ ಬೇಕು, ಆ ಪುಡಿ ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಇಟ್ಟಿಗೆಯ ಹೊರಗೆ ತಗಡು ಸುತ್ತಿ, ನಡುವೆ ನರ್ಸರಿಯಿಂದ ತಂದ ಪರ್ಲೈಟ್ ತುಂಬಿದೆ. ಗಿಡದ ಕುಂಡಕ್ಕೆ ಹಾಕುವ ಅದೇ ಬಿಳಿ ಹಗುರ ಕಾಳು, ಶಾಖ ಹೊರಗೆ ಹೋಗದಂತೆ ಚೆನ್ನಾಗಿ ತಡೆಯುತ್ತದೆ.

ಒಂದು ಮಾತು ಮರೆಯಬಾರದು. ನೀರು ತುಂಬಿದ ಬಂಬ ಐವತ್ತು ಕಿಲೋ ತೂಗುತ್ತದೆ. ಹಗುರ ಇಟ್ಟಿಗೆ ಆ ಭಾರ ಹೊರಲಾರದು. ಓಣಿಯ ವೆಲ್ಡಿಂಗ್ ಅಂಗಡಿಯಲ್ಲಿ ಕಬ್ಬಿಣದ ಆಂಗಲ್‌ನಿಂದ ನಾಲ್ಕು ಕಾಲಿನ ಚೌಕಟ್ಟು ಮಾಡಿಸಿ, ಬಂಬವನ್ನು ಅದರ ಮೇಲೆ ಕೂರಿಸಿದೆ. ಒಲೆ ಕೆಳಗೆ ಸುಮ್ನೆ ಮುಟ್ಟಿಕೊಂಡು ನಿಂತಿದೆ. ಬಂಬದ ತಲೆಯ ಮೇಲೆ ಐದು ಇಂಚಿನ, ನಾಲ್ಕಡಿ ಎತ್ತರದ ಚಿಮಣಿ. ಅದಿಲ್ಲದೆ ಎಳೆತ ಸಾಲದು.

ಫೈರ್ ಕ್ಲೇ ಒಣಗಲು ನಾಲ್ಕು ದಿನ ಬಿಟ್ಟೆ. ಐದನೇ ದಿನ ಬೆಳಿಗ್ಗೆ, ನೀರು 20 ಡಿಗ್ರಿ ಇದ್ದಾಗ, ಬೆರಳು ದಪ್ಪದ ಮಾವಿನ ಚಕ್ಕೆ ಹಾಕಿ ಹಚ್ಚಿದೆವು. ಮೊದಲ ಐದು ನಿಮಿಷ ಹೊಗೆ ಬಂತು. ಅವ್ವ ನನ್ನ ಮುಖ ನೋಡಿದಳು. ಅಷ್ಟರಲ್ಲಿ ಡಬ್ಬ ಕಾಯಿತು. ಬಾಯಿಂದ ಬಗ್ಗಿ ನೋಡಿದರೆ ಹದಿನಾರು ತೂತಿನಿಂದಲೂ ಒಳಮುಖವಾಗಿ ಹದಿನಾರು ಉರಿಯ ನಾಲಿಗೆ! ಗಾಳಿ ಒಳಗೆ ಬಂದ ಜಾಗದಲ್ಲೇ ಗ್ಯಾಸು ಹೊತ್ತಿಕೊಳ್ಳುತ್ತಿತ್ತು, ನೋಡಲು ಥೇಟ್ ಗ್ಯಾಸ್ ಬರ್ನರ್. ಕೆಳಗೆ ಕಟ್ಟಿಗೆಗೂ ಉರಿಗೂ ನಡುವೆ ಎರಡು ಬೆರಳು ಖಾಲಿ ಜಾಗ ಕಾಣುತ್ತಿತ್ತು. ಚಿಮಣಿಯ ಬಾಯಲ್ಲಿ ಬಿಸಿಗಾಳಿಯ ನಡುಕ ಬಿಟ್ಟರೆ ಏನೂ ಇಲ್ಲ. ಥರ್ಮೋಕಪಲ್ ಒಲೆಯ ತಲೆಯಲ್ಲಿ 710 ತೋರಿಸಿತು.

ಅವ್ವ ಚಿಮಣಿಯನ್ನೇ ನೋಡುತ್ತ, "ಒಲಿ ಆರೇತೇನೋ?" ಅಂದಳು. ಕೈ ಹಿಡಿದು ಬಗ್ಗಿಸಿ ಒಳಗಿನ ಉರಿ ತೋರಿಸಿದೆ.

40 ಲೀಟರ್ ನೀರು 45 ಡಿಗ್ರಿಗೆ ಬರಲು ಮೊದಲು ಒಂದು ಕಿಲೋ 600 ಗ್ರಾಂ ಕಟ್ಟಿಗೆ, ಮುಕ್ಕಾಲು ತಾಸು ಬೇಕಾಗುತ್ತಿತ್ತು. ಈಗ 900 ಗ್ರಾಂ, ಅರ್ಧ ತಾಸಿಗೆ ಸ್ವಲ್ಪ ಮೇಲೆ. ನೀರಿಗೆ ಸೇರಬೇಕಾದ ಶಾಖ 4.2 ಮೆಗಾಜೂಲ್ ಅಷ್ಟೇ. ಹಿತ್ತಿಲಲ್ಲಿ ಒಣಗಿದ ಕಟ್ಟಿಗೆಯಲ್ಲಿ ಸ್ವಲ್ಪ ತೇವ ಇದ್ದೇ ಇರುತ್ತದೆ, ಹಾಗಾಗಿ ಶಾಖವನ್ನು ಕಿಲೋಗೆ 15 ಮೆಗಾಜೂಲ್ ಅಂತ ಹಿಡಿದರೆ, ಮೊದಲು ನೂರಕ್ಕೆ 17 ಪಾಲು ನೀರಿಗೆ ಹೋಗುತ್ತಿತ್ತು, ಈಗ 31. ಇನ್ನೂ ಅರ್ಧಕ್ಕಿಂತ ಜಾಸ್ತಿ ಚಿಮಣಿಯಲ್ಲಿ ಹೋಗುತ್ತಿದೆ ಅನ್ನುವುದು ನನಗೆ ಗೊತ್ತಿದೆ.

ಕರಟದ ಜೊತೆ ಜಗಳ ಒಂದು ವಾರ ನಡೆಯಿತು. ಒಂದರೊಳಗೆ ಒಂದು ಕೂರಿಸಿ ಬಾಯಿ ತುಂಬ ಹಾಕಿದರೆ ಎಲ್ಲವೂ ಒಟ್ಟಿಗೆ ಗ್ಯಾಸು ಬಿಡುತ್ತವೆ. ಹದಿನಾರು ತೂತಿನ ಗಾಳಿ ಅದಕ್ಕೆ ಎಲ್ಲಿ ಸಾಕಾಗಬೇಕು? ಚಿಮಣಿಯಿಂದ ಕಪ್ಪು ಮಸಿ ಹೊರಟಿತು. ಈಗ ಸುತ್ತಿಗೆಯಿಂದ ಒಡೆದು, ಒಂದು ಸಲಕ್ಕೆ ಐದಾರು ಚೂರು ಮಾತ್ರ. ಹಸಿ ಕಟ್ಟಿಗೆ ಬೇಡವೇ ಬೇಡ. ಅದರ ನೀರು ಆವಿಯಾಗಲು ಶಾಖ ತಿನ್ನುತ್ತದೆ, ಒಲೆಯ ತಲೆ ತಣ್ಣಗಾಗುತ್ತದೆ, ಮತ್ತೆ ಹಳೆಯ ಹೊಗೆ. ಪ್ಲೈವುಡ್ ಚೂರನ್ನೂ ನಾವು ಹಾಕುವುದಿಲ್ಲ, ಅದರ ಅಂಟಿನ ಹೊಗೆ ಬೇರೆಯೇ ವಿಷ.

ಕೊನೆಯಲ್ಲಿ ಹಳದಿ ಉರಿ ಹೋಗಿ ಬರೀ ಕೆಂಡ ಉಳಿಯುತ್ತದೆ. ಹಾರುವ ಅಂಶ ಮುಗಿದು ಇಂಗಾಲ ಉರಿಯುವ ಹೊತ್ತು ಅದು. ಆಗ ಮೇಲಿನ ಗಾಳಿಗಿಂತ ಕೆಳಗಿನ ಗಾಳಿ ಬೇಕು. ಬೂದಿಯ ಬಾಗಿಲನ್ನು ಪೂರ್ತಿ ತೆಗೆಯುತ್ತೇವೆ. ಉರಿ ಜೋರಿದ್ದಾಗ ಅದೇ ಬಾಗಿಲು ಕಾಲು ಭಾಗ ಮಾತ್ರ ತೆಗೆದಿರುತ್ತದೆ, ಇಲ್ಲದಿದ್ದರೆ ಕಟ್ಟಿಗೆ ಬೇಗ ಕಾದು ಗ್ಯಾಸು ಮಿತಿಮೀರುತ್ತದೆ.

ಕೆಂಡದ ಬಗ್ಗೆ ಒಂದು ಮಾತು ಒತ್ತಿ ಹೇಳಬೇಕು. ಹೊಗೆ ಇಲ್ಲ ಅಂದರೆ ಅಪಾಯ ಇಲ್ಲ ಅಂತಲ್ಲ. ಇದ್ದಿಲಿನಲ್ಲಿ, ಕೆಂಡದಲ್ಲಿ ಹಾರುವ ಅಂಶ ಕಡಿಮೆ, ಅದಕ್ಕೇ ಕಣ್ಣಿಗೆ ಉರಿ ಇಲ್ಲ. ಆದರೆ ಗಾಳಿ ಸಾಲದಾಗ ಅದೇ ಕೆಂಡ ಕಾರ್ಬನ್ ಮಾನಾಕ್ಸೈಡ್ ಬಿಡುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಕೆಮ್ಮು ಬಂದು ಎಚ್ಚರ ಕೊಡುವುದಿಲ್ಲ, ತಲೆನೋವು, ಮಂಪರು, ಆಮೇಲೆ ಸಾವು. ಬಂಬವನ್ನು ಮುಚ್ಚಿದ ಬಚ್ಚಲೊಳಗೆ ಇಡಬೇಡಿ. ಚಳಿಗೆ ಶೇಗಡಿಯನ್ನು ಮಲಗುವ ಕೋಣೆಗೆ ಒಯ್ಯಬೇಡಿ. ನಮ್ಮದು ತೆರೆದ ಹಿತ್ತಿಲಲ್ಲೇ ಇದೆ, ಬಿಸಿನೀರನ್ನು ಬಕೆಟ್ಟಿನಲ್ಲಿ ಒಳಗೆ ಒಯ್ಯುತ್ತೇವೆ.

ಆರನೇ ವಾರ ಡಬ್ಬವನ್ನು ಹೊರತೆಗೆದು ನೋಡಿದೆ. ತೂತುಗಳ ಸುತ್ತ ಸ್ಟೀಲು ಕಂದು ತಿರುಗಿ ತೆಳ್ಳಗೆ ಪದರ ಏಳುತ್ತಿದೆ. ಉರಿ ನಿಲ್ಲುವುದು ಅಲ್ಲೇ ತಾನೇ. ಈ ಡಬ್ಬ ಒಂದು ಚಳಿಗಾಲಕ್ಕಿಂತ ಜಾಸ್ತಿ ಬರುವುದಿಲ್ಲ. ಮುಂದಿನದಕ್ಕೆ ಎರಡು ಮಿಲಿಮೀಟರ್ ದಪ್ಪದ 304 ದರ್ಜೆಯ ಸ್ಟೀಲ್ ತಗಡನ್ನು ಸುತ್ತಿಸಲು ವೆಲ್ಡಿಂಗ್ ಅಂಗಡಿಯಲ್ಲಿ ಅಳತೆ ಕೊಟ್ಟು ಬಂದಿದ್ದೇನೆ. ಬಂಬದ ಕೊಳವೆಯೊಳಗೆ ಕೈ ಹಾಕಿ ಸವರಿದೆ. ಅಂಟು ಇಲ್ಲ, ಒಣ ಬೂದಿಯ ತೆಳು ಪುಡಿ, ಬಟ್ಟೆಯಿಂದ ಒರೆಸಿದರೆ ಬಂದುಬಿಟ್ಟಿತು. ಒಳಗೆ ತಾಮ್ರದ ಕೆಂಪು ಕಂಡಿತು.